ಪೇಂಟ್ ಡಬ್ಬ ಬೇಡ, ಶನಿವಾರ ಕೊಡೋಣ

ನಮ್ಮ ಕಾಲೇಜಿನ ಪ್ರತಿ ಕಾರಿಡಾರ್‌ನಲ್ಲೂ ವಿಷನ್–ಮಿಷನ್ ಬೋರ್ಡ್ ಇದೆ. ಎನ್‌ಬಿಎ ತಂಡ ಬರೋ ವಾರ ಅದನ್ನ ಬಾಯಿಪಾಠ ಮಾಡಿಸ್ತಾರೆ. ತಂಡ ಹೋದ ಮೇಲೆ ಯಾರಿಗೂ ನೆನಪಿರಲ್ಲ. ಹೋದ ತಿಂಗಳು ಸಂಘದಿಂದ ಕುಣಿಗಲ್ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದಾಗ ಅಂಥದ್ದೇ ಬೋರ್ಡ್ ಹುಡುಕಿದೆವು, ಇರಲಿಲ್ಲ. ರಿಪೋರ್ಟಿಗೆ ಒಂದು ಸಾಲು ಬೇಕಿತ್ತಲ್ಲ, ಹೆಡ್‌ಮಾಸ್ಟರ್ ಹತ್ತಿರವೇ ಕೇಳಿದೆವು: "ಸರ್, ನಿಮ್ಮ ಶಾಲೆಯ ಧ್ಯೇಯ ಏನು?" ಅವರು ಸ್ವಲ್ಪ ಯೋಚಿಸಿ, "ಎಂಟಕ್ಕೆ ಸೇರಿದ ಮಗು ಹತ್ತು ಮುಗಿಸಿಕೊಂಡು ಹೋಗ್ಬೇಕು. ಅಷ್ಟೇ ಕಣ್ರಪ್ಪಾ" ಅಂದರು.

ಅಷ್ಟೇನಾ ಅನ್ನಿಸಿತು ನಮಗೆ. ಆದರೆ ಅದು ಸಣ್ಣ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ತರಗತಿವರೆಗೆ ಮಾತ್ರ. ಒಂಬತ್ತು, ಹತ್ತು ಆ ಕಾಯ್ದೆಯ ಹೊರಗೆ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆ ಬಿಟ್ಟು ಮನೆಯಲ್ಲಿ ಉಳಿಯೋ ಭಯ ಹೆಚ್ಚಿರೋದು ಸರಿಯಾಗಿ ಆ ವಯಸ್ಸಲ್ಲೇ.

ಆ ಶಾಲೆಯಲ್ಲಿ ಏನಿದೆ ಅಂತ ಹೇಳಿಬಿಡ್ತೀವಿ. ಮೂರು ತರಗತಿ, ತೊಂಬತ್ತರ ಆಸುಪಾಸು ಮಕ್ಕಳು. ಹೊಂಗೆಮರದ ಕೆಳಗೆ ಪ್ರಾರ್ಥನೆ. ನಾಡಗೀತೆ ಆದ ಮೇಲೆ ಸಂವಿಧಾನದ ಪೀಠಿಕೆ ಓದ್ತಾರೆ, ಪುಸ್ತಕ ನೋಡದೆ. ನಮ್ಮಲ್ಲಿ ಯಾರಿಗೂ ಅದು ಪೂರ್ತಿ ಬರಲ್ಲ. ಬಿಸಿಯೂಟ ಹತ್ತನೇ ತರಗತಿವರೆಗೂ ಇದೆ, ಸಾರು ನಮ್ಮ ಹಾಸ್ಟೆಲ್ ಸಾರಿಗಿಂತ ಚೆನ್ನಾಗಿತ್ತು (ಇದರಲ್ಲಿ ಉತ್ಪ್ರೇಕ್ಷೆ ಇಲ್ಲ). ಆಫೀಸ್ ರೂಮಿನಲ್ಲಿ ಯಾರೋ ದಾನಿಗಳು ಕೊಟ್ಟ ದೊಡ್ಡ ಸ್ಮಾರ್ಟ್ ಟಿವಿ ಇದೆ, ಬೆಡ್‌ಶೀಟ್ ಹೊದ್ದುಕೊಂಡು. ತರಗತಿಯಲ್ಲಿ ಮಳೆ ಸೋರತ್ತೆ, ಕರೆಂಟ್ ನಂಬೋಕಾಗಲ್ಲ, ಕಳ್ಳತನ ಆದರೆ ಉತ್ತರ ಕೊಡೋರು ಹೆಡ್‌ಮಾಸ್ಟರ್. ವಿಜ್ಞಾನಕ್ಕೆ ಇರೋದು ಪಿಸಿಎಂ ಮೇಡಂ ಒಬ್ಬರೇ. ಸಿಬಿಝೆಡ್ ಹುದ್ದೆ ಖಾಲಿ, ಹಾಗಾಗಿ ಜೀವಶಾಸ್ತ್ರವೂ ಅವರದೇ. ಲ್ಯಾಬ್ ಅಂದರೆ ಒಂದು ಬೀರು. ಒಳಗೆ ಮಸೂರ, ಪ್ರಿಸಂ, ಅಮ್ಮೀಟರ್ ಎಲ್ಲಾ ಇವೆ, ತೆಗೆದು ತೋರಿಸೋಕೆ ಆ ಮೇಡಂಗೆ ಪಿರಿಯಡ್ಡೇ ಉಳಿಯಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಪ್ರಯೋಗ ಮಾಡಿಸೋ ಕೈ ಮಾತ್ರ ಬರಲಿಲ್ಲ.

ಅವತ್ತು ನಾವು ಹತ್ತನೇ ತರಗತಿಗೆ ವಿದ್ಯುತ್ ಪಾಠ ಮಾಡ್ತೀವಿ ಅಂತ ಧೈರ್ಯವಾಗಿ ನಿಂತೆವು. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು. "ವೋಲ್ಟೇಜ್ ಜಾಸ್ತಿಯಾದ್ರೆ ಕರೆಂಟ್ ಜಾಸ್ತಿ, ರೆಸಿಸ್ಟೆನ್ಸ್ ಜಾಸ್ತಿಯಾದ್ರೆ..." ಅನ್ನೋವಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಬೆಂಚಿನ ಹುಡುಗಿ ಮೆಲ್ಲಗೆ, "ಅಕ್ಕಾ, ರೋಧನಾ?" ಅಂದಳು. ರೋಧ, ವಿಭವಾಂತರ, ನಿಮ್ನ ದರ್ಪಣ, ಪೀನ ಮಸೂರ. ಕನ್ನಡ ಸಂಘದ ನಾವು ಅವಳಿಂದ ಒಂದೊಂದೇ ಪದ ಕಲಿತು ಪಾಠ ಮುಂದುವರಿಸಿದೆವು. ಆಮೇಲೆ ಬ್ಯಾಟರಿ, ವೈರು, ಬಲ್ಬು ಕೈಗೆ ಕೊಟ್ಟಾಗ ಭಾಷೆಯ ತೊಂದರೆಯೇ ಬರಲಿಲ್ಲ. ಊಟದ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಸಂಜೆ ಇನ್ನೊಂದು ವಿಷಯ ಗೊತ್ತಾಯಿತು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ಐದೂವರೆವರೆಗೆ. ಕೊನೇ ಬಸ್ಸು ಐದೂ ಹತ್ತಕ್ಕೆ. ಶಕ್ತಿ ಯೋಜನೆ ಬಂದು 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಸರಿ. ಆದರೆ ಬಸ್ಸೇ ಇಲ್ಲದಾಗ ಫ್ರೀ ಟಿಕೆಟ್ ಇಟ್ಟುಕೊಂಡು ಏನ್ಮಾಡ್ತಾರೆ? ಎಂಟನೇ ತರಗತಿಗೆ ಸರ್ಕಾರ ಸೈಕಲ್ ಕೊಡ್ತಿದ್ದದ್ದು ಕೊರೋನಾ ವರ್ಷದಲ್ಲಿ ನಿಂತಿತು. ನಮಗೆ ರೋಧ ಹೇಳಿಕೊಟ್ಟ ಹುಡುಗಿ ವಿಶೇಷ ತರಗತಿಗೆ ಕೂರಲ್ಲ. ಅವಳ ಊರು ನಾಲ್ಕು ಕಿಲೋಮೀಟರ್. ಪ್ರೌಢಶಾಲೆ ಐದು ಕಿಲೋಮೀಟರ್ ಒಳಗಿರಬೇಕು ಅನ್ನೋದು ಸರ್ಕಾರದ ಗುರಿ, ಕಾಗದದ ಮೇಲೆ ಅವಳ ಲೆಕ್ಕ ಸರಿಯಾಗೇ ಇದೆ.

ಈಗ ಸಂಘದ ವಿಷಯಕ್ಕೆ ಬರೋಣ. ರಾಜ್ಯೋತ್ಸವದಲ್ಲಿ ಉಳಿದ ದುಡ್ಡಲ್ಲಿ ಆ ಶಾಲೆಯ ಗೋಡೆಗೆ ರೈಲು ಬೋಗಿ ಥರ ಪೇಂಟ್ ಹೊಡೆಸೋಣ ಅನ್ನೋ ಸಲಹೆ ಗ್ರೂಪಿನಲ್ಲಿ ಓಡ್ತಿದೆ. ಫೋಟೋ ಚೆನ್ನಾಗಿ ಬರತ್ತೆ, ಒಪ್ತೀವಿ. ಆಕ್ಟಿವಿಟಿ ಪಾಯಿಂಟೂ ಸಿಗತ್ತೆ. ನಿಜ ಹೇಳಬೇಕಂದರೆ ನಮ್ಮಲ್ಲಿ ಮುಕ್ಕಾಲು ಜನ ಅವತ್ತು ಬಸ್ಸು ಹತ್ತಿದ್ದು ಅದಕ್ಕೇ. ನೂರು ಪಾಯಿಂಟ್ ಇಲ್ಲದೆ ವಿಟಿಯು ಡಿಗ್ರಿ ಕೊಡಲ್ಲ. ಆದರೆ ಹೆಡ್‌ಮಾಸ್ಟರ್ ಹೊರಡೋವಾಗ ಹೇಳಿದ್ದು ಬೇರೆ: "ಒಂದಿನ ನಲವತ್ತು ಜನ ಬರೋ ಬದಲು, ಶನಿವಾರ ಇಬ್ಬರು ಬನ್ನಿ."

ಶನಿವಾರ ಅಲ್ಲಿ ಬೆಳಗಿನ ಶಾಲೆ, ಹನ್ನೊಂದೂವರೆಗೆ ಮುಗಿಯತ್ತೆ. ಇಬ್ಬಿಬ್ಬರಂತೆ ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ಇಡೀ ಸೆಮಿಸ್ಟರ್‌ನಲ್ಲಿ ಒಂದೋ ಎರಡೋ ಶನಿವಾರ. ಬೀರು ತೆಗೆದು ಆ ವಾರದ ಪಾಠದ ಪ್ರಯೋಗ ಮಾಡಿಸೋದು, ಅಷ್ಟೇ. ಉಳಿದ ದುಡ್ಡು ಬಸ್ ಚಾರ್ಜಿಗೆ, ಬ್ಯಾಟರಿಗೆ, ಒಡೆದ ಟೆಸ್ಟ್ ಟ್ಯೂಬಿಗೆ.

ಮೀಟಿಂಗ್‌ನಲ್ಲಿ ಒಬ್ಬರು ಕೇಳಿದರು, ಖಾಲಿ ಹುದ್ದೆ ತುಂಬೋದು ಸರ್ಕಾರದ ಕೆಲಸ, ನಾವು ಹೋಗಿ ನಿಂತರೆ ಅವರಿಗೆ ಇನ್ನೂ ಆರಾಮ ಆಗಲ್ವಾ ಅಂತ. ಈ ಪ್ರಶ್ನೆ ನಮ್ಮನ್ನೂ ಕಾಡಿದೆ, ತಳ್ಳಿಹಾಕೋ ಹಾಗಿಲ್ಲ. ಅದಕ್ಕೇ ಪಾಠ ನಾವು ಮಾಡಬಾರದು, ಪಾಠ ಮೇಡಂ ಅವರದು. ನಾವು ಲ್ಯಾಬ್ ಅಸಿಸ್ಟೆಂಟ್ ಅಷ್ಟೇ. ಜೊತೆಗೆ ಡಿಪೋ ಮ್ಯಾನೇಜರ್‌ಗೆ ಬಸ್ಸಿನ ಟೈಮ್ ಬಗ್ಗೆ, ಬಿಇಒ ಕಚೇರಿಗೆ ಖಾಲಿ ಹುದ್ದೆ ಬಗ್ಗೆ ಸಂಘದ ಲೆಟರ್‌ಹೆಡ್‌ನಲ್ಲಿ ಅರ್ಜಿ ಬರೆದಿದ್ದೀವಿ, ಕನ್ನಡದಲ್ಲೇ. ಕಾಗುಣಿತ ತಿದ್ದಿಕೊಟ್ಟವರು ಆ ಶಾಲೆಯ ಕನ್ನಡ ಮೇಷ್ಟ್ರು, ಅದನ್ನೂ ಮುಚ್ಚಿಡಲ್ಲ.

ಗುರುವಾರ ನಾಲ್ಕು ಗಂಟೆಗೆ ಸೆಮಿನಾರ್ ಹಾಲ್‌ನಲ್ಲಿ ಪೇಂಟೋ ಶನಿವಾರವೋ ಅಂತ ಕೈ ಎತ್ತಿಸ್ತಾರೆ. ಶನಿವಾರ ಗೆದ್ದರೆ ಮೊದಲ ಸರದಿಗೆ ನಮ್ಮ ಇಬ್ಬರ ಹೆಸರು ಈಗಲೇ ಬರೆದುಕೊಳ್ಳಿ. ಆ ವಾರದ ಪಾಠ ಬೆಳಕಿನ ವಕ್ರೀಭವನ, ಪದ ಕಲಿತುಕೊಂಡೇ ಹೋಗ್ತೀವಿ.