ಮಂತ್ರಿಯಾಗದ ಮುಂದಾಳು

ಶಾಂತವೇರಿ ಗೋಪಾಲಗೌಡರ ಹೆಸರನ್ನೆತ್ತಿದರೆ ನಮ್ಮ ತರಗತಿಯ ಮಿತ್ರರು ಕೇಳುವ ಮೊದಲ ಪ್ರಶ್ನೆ, “ಅವರು ಯಾವ ಖಾತೆಯ ಮಂತ್ರಿಗಳಾಗಿದ್ದರು?” ಎಂಬುದು. ಯಾವುದಕ್ಕೂ ಅಲ್ಲ ಎಂದೊಡನೆ ಮಾತು ಬೇರೆ ಕಡೆ ಹೊರಳುತ್ತದೆ. ಮನೆಯಲ್ಲಿ ಮೊದಲ ಸಲ ಪದವಿ ತರಗತಿಗೆ ಕಾಲಿಟ್ಟ ನಮ್ಮಂಥವರಲ್ಲಿ ಮನುಷ್ಯನನ್ನು ಹುದ್ದೆಯಿಂದ ಅಳೆಯುವ ಅಭ್ಯಾಸ ಸಹಜವೇ. ಊರಿನವರು ನಮ್ಮನ್ನೂ ಹಾಗೆಯೇ ಅಳೆಯುತ್ತಾರೆ. ಆದರೆ ಗೌಡರ ವಿಷಯದಲ್ಲಿ ಈ ಅಳತೆ ಸಲ್ಲದು.

1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಗೌಡರು ಹೆಸರಾದುದು ಕಾಗೋಡಿನ ಹೋರಾಟದಿಂದ. 1951ರಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಗೇಣಿದಾರರಾದ ದೀವರು ಧಣಿಗಳ ವಿರುದ್ಧ ನಿಂತರು. ಜಗಳ ಹುಟ್ಟಿದುದು ಒಂದು ಕೊಳಗದಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಧಣಿಗಳ ಕೊಳಗ ದೊಡ್ಡದಾಗುತ್ತಿತ್ತು! ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಗೋಪಾಲಗೌಡರು ಮತ್ತು ಅವರ ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಮರುವರ್ಷವೇ ಗೌಡರು ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು. ಮತದಾರರಿಂದ ಓಟಿನೊಡನೆ ಒಂದು ನೋಟನ್ನೂ ಕೇಳಿದ ಅವರ ಕಥೆ ಪ್ರಸಿದ್ಧವಾದುದು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ಗೆದ್ದರು. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು: ಈ ಮೂರನ್ನು ಬಿಡದೆ ಕೇಳುತ್ತ ಬಂದರು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರಿನಲ್ಲಿ. ಗೇಣಿ ರದ್ದಾದುದು 1974ರ ಮಾರ್ಚಿನಲ್ಲಿ. ಎರಡನ್ನೂ ಅವರು ಕಾಣಲಿಲ್ಲ.

ಇದು ಮಲೆನಾಡಿನ ಸಂಗತಿ, ನಮಗೇನು ಎನ್ನುವವರು ನಂಜನಗೂಡು, ತಿರುಮಕೂಡಲು ನರಸೀಪುರಗಳ ಹಳೆಯ ಪಹಣಿಗಳನ್ನು ತೆಗೆದು ನೋಡಬೇಕು. ಅವರು ಗೇಣಿ ಎಂದುದನ್ನು ನಾವು ವಾರವೆಂದೆವು. ಬೀಜ, ಎತ್ತು, ಮೈಮುರಿತ ಎಲ್ಲವೂ ಉಳುವವನದು. ಕಣದಲ್ಲಿ ರಾಶಿಯಾದಾಗ ಅರ್ಧ ಭೂಮಿಯೊಡೆಯನದು. ನನ್ನ ತಾತ ಕಪಿಲೆಯ ಬಯಲಿನಲ್ಲಿ ಹಾಗೆ ಉತ್ತವರು. 1961ರ ಭೂಸುಧಾರಣಾ ಕಾನೂನು ಅವರ ಮಟ್ಟಿಗೆ ಇದ್ದೂ ಇಲ್ಲದಂತಿತ್ತು, ಏಕೆಂದರೆ ಸ್ವಂತ ಸಾಗುವಳಿಗೆಂದು ಜಮೀನನ್ನು ಬಿಡಿಸಿಕೊಳ್ಳಲು ಒಡೆಯರಿಗೆ ಅದು ಅವಕಾಶವಿಟ್ಟಿತ್ತು. ದೇವರಾಜ ಅರಸರ ಸರ್ಕಾರ ತಂದ 1974ರ ತಿದ್ದುಪಡಿ ಗೇಣಿ ಜಮೀನನ್ನೆಲ್ಲ ಸರ್ಕಾರಕ್ಕೆ ಸೇರಿಸಿ, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ ಪಡೆಯಲಿ ಎಂದಿತು. ಭೂ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬರು ಪರಿಶಿಷ್ಟರಿರಬೇಕು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಅಕ್ಷರ ಬಾರದ ತಾತ ಅಲ್ಲಿ ತಾವೇ ನಿಂತು ಮಾತನಾಡಿದರಂತೆ. ಆ ಒಂದೂವರೆ ಎಕರೆ ಇಲ್ಲದಿದ್ದರೆ ನಾನು ಈ ಪುಟದಲ್ಲಿ ಬರೆಯುತ್ತಿರಲಿಲ್ಲ.

ಹಾಗಾದರೆ ಕೀರ್ತಿ ಅರಸರಿಗೆ ಸಲ್ಲಬೇಕಲ್ಲವೆ? ಸಲ್ಲಬೇಕು. ಕಾನೂನು ಮಾಡಲು ಅಧಿಕಾರವೇ ಬೇಕು, ಗೌಡರೊಬ್ಬರಿಂದಲೇ ಅದು ಬಂತೆಂಬುದು ಅತಿಶಯೋಕ್ತಿ. ಆದರೆ ಇಪ್ಪತ್ತು ವರ್ಷ ಸದನದ ಒಳಗೂ ಹೊರಗೂ ಒಂದೇ ಮಾತನ್ನು ಆಡಿ, ಅದನ್ನು ತಳ್ಳಿಹಾಕುವುದು ಯಾವ ಸರ್ಕಾರಕ್ಕೂ ಕಷ್ಟವಾಗುವಂತೆ ಮಾಡಿದವರ ಕೆಲಸಕ್ಕೆ ಹೆಸರೇನು? ಆ ಕೆಲಸಕ್ಕೆ ಖಾತೆಯಿಲ್ಲ, ಅಷ್ಟೆ.

ಹೊರದೇಶದ ಒಂದು ಉದಾಹರಣೆಯನ್ನು ನೋಡೋಣ. ಲೋಹಿಯಾ ಸಂಶೋಧನೆ ಮಾಡಿದುದು ಬರ್ಲಿನ್ನಿನಲ್ಲಿ; ಅವರು ಅಲ್ಲಿಂದ ಹಿಂದಿರುಗಿದ 1933ರಲ್ಲಿಯೇ ಹಿಟ್ಲರನ ಜನ ಕುರ್ಟ್ ಶೂಮಾಖರ್ ಎಂಬ ಸೋಷಿಯಲ್ ಡೆಮಾಕ್ರಟನನ್ನು ಸೆರೆಗೆ ತಳ್ಳಿದರು. ಸುಮಾರು ಹತ್ತು ವರ್ಷ ಯಾತನಾ ಶಿಬಿರಗಳಲ್ಲಿದ್ದು ಬಂದ ಆತ ಯುದ್ಧಾನಂತರ ಪಕ್ಷವನ್ನು ಮತ್ತೆ ಕಟ್ಟಿದ; 1949ರಲ್ಲಿ ಅಡೆನಾವರನಿಗೆ ಸೋತು, ವಿರೋಧ ಪಕ್ಷದ ನಾಯಕನಾಗಿಯೇ 1952ರಲ್ಲಿ ತೀರಿಕೊಂಡ. ಆ ಪಕ್ಷದ ವಿಲ್ಲಿ ಬ್ರಾಂಟ್ ಚಾನ್ಸಲರ್ ಆದುದು 1969ರಲ್ಲಿ. ನಡುವೆ 1959ರಲ್ಲಿ ಪಕ್ಷ ಹಳೆಯ ಮಾರ್ಕ್ಸ್‌ವಾದವನ್ನು ಕಳಚಿಕೊಂಡಿತು, ಆದರೆ ಒಡೆಯಲಿಲ್ಲ. ನಮ್ಮ ಸಮಾಜವಾದಿಗಳು ಒಡೆದರು, ಕೂಡಿದರು, ಮತ್ತೆ ಒಡೆದರು. ಗೌಡರ ಸೋಲಿನಲ್ಲಿ ಈ ಒಡಕಿನ ಪಾಲೂ ಇದೆ ಎಂದು ನಾನು ನಂಬಿದ್ದೇನೆ. ಆ ಬಳಗದ ನೆರಳಿನಲ್ಲಿ ಬೆಳೆದವರು ಬೇರೆ ಬೇರೆ ಪಕ್ಷಗಳಿಗೆ ಹೋದರು. ನಮ್ಮೆರಡು ತಾಲ್ಲೂಕುಗಳ ಹಲವು ಹಳ್ಳಿಗಳನ್ನೊಳಗೊಂಡ ವರುಣ ಕ್ಷೇತ್ರದಿಂದ 2008ರಲ್ಲಿ ಗೆದ್ದು, 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ಲೋಹಿಯಾರ ಹೆಸರು ಹೇಳಿ ಬಂದವರೇ. ಅವರ ಹೆಸರು ಇಲ್ಲಿ ಹಸುಗೂಸಿಗೂ ಗೊತ್ತು.

ಗೌಡರ ಕನಸಿನಲ್ಲಿ ಒಂದು ದೊಡ್ಡ ಕೊರತೆಯೂ ಇತ್ತು. ಉಳುವವನಿಗೆ ಭೂಮಿ ಎಂದಾಗ ವಾರಕ್ಕೆ ಉಳುತ್ತಿದ್ದವನಿಗೆ ಸಿಕ್ಕಿತು. ಕೂಲಿಗೆ ನಾಟಿ ಹಾಕಿದ ಹೆಂಗಸಿಗೆ, ಕೇರಿಯ ಜೀತದಾಳಿಗೆ ಬಹುಮಟ್ಟಿಗೆ ಸಿಗಲಿಲ್ಲ. ತಾತನ ಗದ್ದೆಯಲ್ಲಿ ಕಳೆ ಕಿತ್ತವರ ಮೊಮ್ಮಕ್ಕಳೂ ಇದೇ ಕಾಲೇಜಿನಲ್ಲಿದ್ದಾರೆ.

2020ರಲ್ಲಿ ಇದೇ ಕಾನೂನಿನ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ದಾರಿ ಮಾಡಿಕೊಡಲಾಯಿತು. ಮುಂದಿನ ವರ್ಷ ನಮ್ಮ ಚರ್ಚಾಕೂಟದವರು ಈ ವಿಷಯವನ್ನೇ ಸ್ಪರ್ಧೆಗಿಡಲೆಂದು ಅಧ್ಯಾಪಕರಲ್ಲಿ ವಿನಂತಿಸುತ್ತೇನೆ. ತಿದ್ದುಪಡಿಯ ಪರವಾಗಿ ಮಾತನಾಡುವವರೂ ಸಿಕ್ಕಾರು. ಹೊಲ ಮಾರಿ ಸಾಲ ತೀರಿಸಿದ ಮನೆಗಳ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ.