ಆನೆ ಕಂಡ ಹುಡುಗನಿಗೆ ಎರಡೇ ಅಂಕ

ಕಳೆದ ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೆ ಹನೂರು ಕಡೆಯ ಒಂದು ಪ್ರೌಢಶಾಲೆಯವರು ಪ್ರಬಂಧ ಸ್ಪರ್ಧೆಯ ತೀರ್ಪುಗಾರನಾಗಿ ನನ್ನನ್ನು ಕರೆದಿದ್ದರು. ಪೇಪರಿನವರಿಗೆ ಬರೆಯಲು ಬರುತ್ತದೆ ಎಂಬ ನಂಬಿಕೆ ಜನರಲ್ಲಿ ಇನ್ನೂ ಉಳಿದಿದೆ, ಸಂತೋಷ. ವಿಷಯ ‘ನಾನು ಕಂಡ ಕಾಡುಪ್ರಾಣಿ’. ಶಾಲೆಯ ಹಿಂದಿನ ಹೊಲಕ್ಕೆ ವರ್ಷಕ್ಕೆ ನಾಲ್ಕು ಸಲ ಆನೆ ಬಂದು ಹೋಗುವ ಊರು ಅದು. ಒಳ್ಳೆಯದು ಸಿಗುತ್ತದೆ ಎಂದು ಕಟ್ಟು ಬಿಚ್ಚಿದೆ.

ಮೊದಲ ಹಾಳೆ: ಪೀಠಿಕೆ, ಹುಲಿ ನಮ್ಮ ರಾಷ್ಟ್ರೀಯ ಪ್ರಾಣಿ. ಎರಡನೆಯ ಹಾಳೆ: ಪೀಠಿಕೆ, ಹುಲಿ ನಮ್ಮ ರಾಷ್ಟ್ರೀಯ ಪ್ರಾಣಿ. ಹತ್ತನೆಯ ಹಾಳೆಗೆ ಬರುವಷ್ಟರಲ್ಲಿ ನನಗೂ ಬಾಯಿಪಾಠವಾಗಿತ್ತು. ಎಲ್ಲರ ಎದೆಯೂ ಝಲ್ಲೆಂದಿತ್ತು, ಎಲ್ಲರ ಕೈಕಾಲೂ ನಡುಗಿದ್ದವು, ಎಲ್ಲರ ಹುಲಿಯೂ ಘರ್ಜಿಸಿ ಮಾಯವಾಗಿತ್ತು. ಕೊನೆಗೆ ಉಪಸಂಹಾರದಲ್ಲಿ ಪ್ರಾಣಿಗಳು ನಮ್ಮ ಸ್ನೇಹಿತರು, ಅವುಗಳನ್ನು ರಕ್ಷಿಸುವುದು ನಮ್ಮೆಲ್ಲರ ಆದ್ಯ ಕರ್ತವ್ಯ.

ನಡುವೆ ಒಂದು ಹಾಳೆ ಅರ್ಧ ಪುಟವೂ ತುಂಬಿರಲಿಲ್ಲ. ಹುಡುಗ ಅಪ್ಪನ ಜೊತೆ ರಾಗಿ ಹೊಲದ ಅಟ್ಟಣೆಯ ಮೇಲೆ ಕಾವಲಿಗೆ ಕೂತಿದ್ದಾನೆ. ಕೆಳಗಿದ್ದ ನಾಯಿ ಬೊಗಳಲಿಲ್ಲ, ಅಟ್ಟಣೆಯ ಕಾಲಿಗೆ ಒತ್ತಿಕೊಂಡು ಕೂತಿತು. ಆಮೇಲೆ ವಾಸನೆ ಬಂತು. ಆಮೇಲೆ ಹೊಟ್ಟೆಯ ಗುಡುಗುಡು. ಹೆಜ್ಜೆ ಸದ್ದು ಬರಲೇ ಇಲ್ಲ. ಆನೆ ರಾಗಿ ತೆಂಡೆಯನ್ನು ಬೇರು ಸಮೇತ ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಟ್ಟುಕೊಂಡಿತು. ಅಪ್ಪ ಟಾರ್ಚ್ ಹಾಕಲಿಲ್ಲ. ‘ನಮ್ಮಪ್ಪ ಅಳ್ತಿದ್ರು ಅಂತ ಕಾಣ್ತದ, ಕತ್ಲಲ್ಲಿ ಗೊತ್ತಾಗ್ನಿಲ್ಲ’ ಎಂಬಲ್ಲಿಗೆ ಬರಹ ಮುಗಿದಿತ್ತು.

ಆ ಹಾಳೆಗೆ ನನಗಿಂತ ಮೊದಲು ನೋಡಿದ್ದ ಮೇಷ್ಟ್ರು ಹತ್ತಕ್ಕೆ ಎರಡು ಕೊಟ್ಟಿದ್ದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ: ‘ಪೀಠಿಕೆ, ಉಪಸಂಹಾರ ಇಲ್ಲ. ಗ್ರಾಮ್ಯ ಭಾಷೆ.’ ನಾನು ಒಂಬತ್ತು ಕೊಟ್ಟೆ. ಸರಾಸರಿ ಐದೂವರೆ. ಬಹುಮಾನ ಬರಲಿಲ್ಲ.

ಮೇಷ್ಟ್ರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವುದೂ ಸುಲಭವಲ್ಲ. ‘ಹತ್ತನೇ ಕ್ಲಾಸಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ನೋಡ್ಕೊಂಡೇ ಅಂಕ ಹಾಕ್ತಾರೆ ಸಾರ್. ಇವನು ಹಿಂಗೆ ಬರೆದು ಫೇಲಾದರೆ ನೀವು ಬರ್ತೀರಾ?’ ಬರುವುದಿಲ್ಲ, ನಿಜ. ಆದರೆ ಗ್ರಂಥಾಲಯದ ಮಹತ್ವಕ್ಕೆ, ಪರಿಸರ ಮಾಲಿನ್ಯಕ್ಕೆ ಹೊಲಿದ ಅಂಗಿಯನ್ನೇ ಆನೆಗೂ ತೊಡಿಸಿದರೆ ಹೇಗೆ? ಕಂಡದ್ದನ್ನು ಬರೆಯುವುದಕ್ಕೆ ಪೀಠಿಕೆ ಬೇಕಿಲ್ಲ. ನಾಯಿ ಬೊಗಳಲಿಲ್ಲ ಎಂಬುದೇ ಆ ಹುಡುಗನ ಪೀಠಿಕೆ.

‘ಗ್ರಾಮ್ಯ’ ಎಂಬ ಮಾತಂತೂ ನನಗೆ ಉರಿಯಿತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಕತೆಯನ್ನು ದೇವರಗುಡ್ಡರು, ಕಂಸಾಳೆಯವರು ಇದೇ ಮಾತಿನಲ್ಲಿ ರಾತ್ರಿಯಿಡೀ ಹಾಡುತ್ತಾರೆ. ವಿಶ್ವವಿದ್ಯಾಲಯದವರು ಅದನ್ನು ಮಹಾಕಾವ್ಯ ಎಂದು ಅಚ್ಚು ಹಾಕಿಸುತ್ತಾರೆ. ಅದೇ ಬೆಟ್ಟದ ಹುಡುಗ ಬರೆದರೆ ಎರಡು ಅಂಕ.

ನಾವು ಪತ್ರಕರ್ತರೇನು ಸಾಚಾ ಅಲ್ಲ. ಡಿಪ್ಲೊಮಾ ಮುಗಿಸಿ ಬಂದ ಮೊದಲ ವರ್ಷವೇ ನಾನು ‘ಕಾಡಾನೆ ದಾಳಿ: ಅಪಾರ ಬೆಳೆ ನಾಶ, ರೈತರಲ್ಲಿ ಆತಂಕ’ ಎಂದು ಬರೆಯುವುದನ್ನು ಕಲಿತೆ. ಊರಿನ ಹೆಸರು ಬದಲಾಯಿಸಿದರೆ ಕೊಳ್ಳೇಗಾಲಕ್ಕೂ ಸರಿ, ಯಳಂದೂರಿಗೂ ಸರಿ. ಆ ಮಕ್ಕಳ ಹುಲಿಗೂ ನನ್ನ ಕಾಡಾನೆಗೂ ಏನು ವ್ಯತ್ಯಾಸ? ನಾನು ಬರೆದ ಎಷ್ಟೋ ದಾಳಿಗಳಲ್ಲಿ ಆನೆ ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತು ಇತ್ತು, ಏನು ತಿಂದು ಏನು ಬಿಟ್ಟಿತು ಎಂಬುದೇ ಇಲ್ಲ.

ಇದು ಬರೀ ಸಾಹಿತ್ಯದ ಚಪಲ ಎನ್ನುವವರಿಗೆ ಒಂದು ಮಾತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು, ಆ ಕಡೆ ಕಾವೇರಿ ವನ್ಯಜೀವಿಧಾಮ 1987ರಿಂದಲೇ ಇದೆ. ಈ ಮೂರರ ಅಂಚಿನಲ್ಲಿ ಬದುಕುವವರಿಗೆ ವಿವರಿಸುವುದು ಹೊಟ್ಟೆಪಾಡಿನ ವಿದ್ಯೆ. ಹಸು ಸತ್ತಾಗ ಪರಿಹಾರದ ಅರ್ಜಿ ಬರೆಯುವವನು ಮನೆಯಲ್ಲಿ ಓದಿದ ಹುಡುಗನೇ. ಗಾಯ ಕುತ್ತಿಗೆಯಲ್ಲಿತ್ತೋ ತೊಡೆಯಲ್ಲೋ, ಯಾವ ಕಡೆಯಿಂದ ತಿಂದಿತ್ತು, ಹೆಜ್ಜೆ ಎಷ್ಟು ಅಗಲ, ಎಳೆದ ಗುರುತು ಎಲ್ಲಿಯವರೆಗೆ. ಮಹಜರಿಗೆ ಬಂದವರು ಕೇಳುವುದೂ ಇದನ್ನೇ. ‘ಭಯಂಕರ ಹುಲಿಯೊಂದು ದಾಳಿ ಮಾಡಿತು’ ಎಂದು ಬರೆದುಕೊಟ್ಟರೆ ಕಡತ ಮುಂದಕ್ಕೆ ಹೋಗುವುದಿಲ್ಲ.

2025ರ ಜೂನ್ 26ರಂದು ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದು ಸಿಕ್ಕಿತು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ರಾಜಧಾನಿಯಿಂದ ಟಿ.ವಿ.ಗಳೆಲ್ಲ ಬಂದವು. ಕಾಡಿನೊಳಗೆ ದನ ಮೇಯಿಸುವುದನ್ನು ನಿಲ್ಲಿಸಬೇಕೆಂಬ ಆದೇಶದ ಮಾತೂ ಬಂತು. ಅಂದಿನಿಂದ ಈ ಕಡೆಯ ಮಕ್ಕಳ ನೋಟ್‌ಬುಕ್ಕಿನಲ್ಲಿ ಇನ್ನೊಂದು ಬಗೆಯ ಕೆಂಪು ಗೆರೆ ಕಾಣುತ್ತಿದೆ. ‘ನಾವು ದನ ಹೊಡ್ಕೊಂಡು ಕಾಡೊಳಕ್ಕೆ ಹೋಗಿದ್ದೊ’ ಎಂದು ಶುರುವಾದ ಒಂದು ವಾಕ್ಯವನ್ನು ಅದೇ ಕಟ್ಟಿನಲ್ಲಿ ಪೂರ್ತಿ ಹೊಡೆದು ಹಾಕಲಾಗಿತ್ತು. ಕೇಸಾದರೆ ಅಂತ ಭಯ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂಥ ಹಾಳೆಯನ್ನು ಗೋಡೆಗೆ ಅಂಟಿಸಬೇಡಿ, ಇಲಾಖೆಗೆ ಕಳಿಸಬೇಡಿ, ಓದಿ ಮಗುವಿಗೇ ವಾಪಸ್ ಕೊಡಿ. ಹೊಡೆದು ಹಾಕಬೇಡಿ. ದನ ತೆಗೆದುಬಿಟ್ಟರೆ ಆ ಮಗು ಅಲ್ಲಿ ಯಾಕಿತ್ತು ಎಂಬುದೇ ಇಲ್ಲವಾಗುತ್ತದೆ. ಪ್ರವಾಸಿಯೊಬ್ಬ ಸಫಾರಿ ಜೀಪಿನಲ್ಲಿ ಕೂತು ಬರೆದಂತಾಗುತ್ತದೆ.

ಖಾಲಿ ಹಾಳೆಯೂ ಒಂದಿತ್ತು. ಹೆಸರು, ತರಗತಿ ಬಿಟ್ಟರೆ ಏನಿಲ್ಲ. ಆ ಹುಡುಗಿಯ ತಾತ ಆನೆ ತುಳಿದು ಸತ್ತವರು ಎಂದು ಆಮೇಲೆ ತಿಳಿಯಿತು. ಪ್ರಾಣಿಗಳು ನಮ್ಮ ಸ್ನೇಹಿತರು ಎಂದು ಬರೆಯಲು ಅವಳಿಗೆ ಮನಸ್ಸಾಗಿರಲಿಲ್ಲ. ಇಂಥ ವಿಷಯ ಕೊಡುವಾಗ ‘ಇದು ಬೇಡ ಅನ್ನಿಸಿದರೆ ಮನೆಯ ಕೋಳಿಯ ಬಗ್ಗೆ ಬರಿ’ ಎಂದು ಹೇಳಲು ಯಾವ ಸುತ್ತೋಲೆಯೂ ಬೇಕಿಲ್ಲ.

ಬಾಯಿ ಮಾತು ಸಾಕು, ಮಾಡಿ ತೋರಿಸು ಎನ್ನುತ್ತೀರಿ. ಯಳಂದೂರಿನಲ್ಲಿ ಮನೆಪಾಠ ಮಾಡುವ ಗೆಳೆಯನೊಬ್ಬನ ಮಕ್ಕಳ ಜೊತೆ ಒಂದು ಶನಿವಾರ ಕೂತೆ. ಪೆನ್ನು ಮುಟ್ಟಿಸಲಿಲ್ಲ. ಮೊದಲು ಹೇಳಿ ಅಂದೆ, ಮನೆಯಲ್ಲಿ ಮಾತಾಡೋ ಹಾಗೆ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡೆ ಎಂದಳು ಒಬ್ಬಳು. ‘ಭಯಂಕರವಾಗಿತ್ತು’ ಅಂದಳು. ಆ ಪದ ಬೇಡ, ಮೊದಲು ಏನು ಗೊತ್ತಾಯಿತು? ಯೋಚಿಸಿದಳು. ‘ನವಿಲು ಕೂಗ್ತು ಸಾ.’ ಎಷ್ಟು ದೂರ? ‘ಇಲ್ಲಿಂದ ಆ ಪಂಪ್‌ಸೆಟ್ ಗಂಟ.’ ಅದು ನಿನ್ನ ನೋಡ್ತಾ? ‘ನೋಡ್ತು. ನೋಡಿ ಆಕಳಿಸ್ತು.’ ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ, ‘ನಿಜ್ವಾಗ್ಲೂ ಸಾ’ ಅಂದಳು. ಇದನ್ನೇ ಬರಿ ಅಂದೆ. ಕಾಗುಣಿತ ಆಮೇಲೆ ತಿದ್ದಿದೆವು, ಹತ್ತು ನಿಮಿಷದ ಕೆಲಸ.

ಪರೀಕ್ಷೆಗೆ ಪೀಠಿಕೆ ಬೇಕಾದರೆ ಅದನ್ನು ಬೇರೆ ದಿನ ಕಲಿಸಿ, ಯಾರೂ ಬೇಡ ಅನ್ನುವುದಿಲ್ಲ. ಆ ರಾಗಿ ಹೊಲದ ಹುಡುಗ ಈಗ ಹತ್ತನೇ ತರಗತಿ. ಮೊನ್ನೆ ಹನೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಇನ್ನೇನಾದರೂ ಬರೆದೆಯಾ ಎಂದು ಕೇಳಿದೆ. ‘ಇಲ್ಲ ಸಾ, ಈಗ ಗೈಡ್ ತಕ್ಕೊಂಡಿವ್ನಿ’ ಅಂದ.