ಕೆಎ ನಂಬರಿನ ಹಳೆಯ ಕಾರು, ಮುಂಬೈ ಲೆಕ್ಕ

ಮುಂಬೈ, ಠಾಣೆ, ನವಿ ಮುಂಬೈಯ ಹೌಸಿಂಗ್ ಸೊಸೈಟಿಗಳ ಪಾರ್ಕಿಂಗ್‌ನಲ್ಲಿ ಕೆಎ ನಂಬರಿನ ಕಾರು ಅಪರೂಪವೇನಲ್ಲ. ಅವುಗಳಲ್ಲಿ ಹಲವು ಅಪ್ಪ ಊರಿನಲ್ಲಿ ಕೊಂಡವು; ಮಗನಿಗೋ ಮಗಳಿಗೋ ಇಲ್ಲಿ ಕೆಲಸ ಸಿಕ್ಕ ಮೇಲೆ ಹಿಂದೆಯೇ ಬಂದವು. ನಮ್ಮ ಮನೆಯದೂ ಅಂಥದ್ದೇ, 2011ರ ಕೆಎ-25 ಪೆಟ್ರೋಲ್ ಕಾರು. ಯಾವತ್ತು ಸ್ಟಾರ್ಟ್ ಆಗುತ್ತದೆ, ಯಾವತ್ತು ಮುನಿಸಿಕೊಳ್ಳುತ್ತದೆ ಹೇಳಲಾಗದು. ಬಾಡಿಗೆ, ಶಾಲೆ ಫೀಸು, ಊರಿಗೆ ಕಳಿಸುವ ಹಣ ಕಳೆದು ಉಳಿಯುವುದರಲ್ಲಿ ಹೊಸ ಕಾರಿನ ಕಂತಿಗೆ ಜಾಗವಿಲ್ಲ. ಇಂಥ ಕಾರನ್ನು ಇಟ್ಟುಕೊಳ್ಳಬೇಕೆ, ಬಿಡಬೇಕೆ ಎಂಬುದು ನನ್ನೊಬ್ಬನ ಪ್ರಶ್ನೆಯಲ್ಲ.

ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ಬರುವ ಉತ್ತರ ಎರಡೇ. ರಾತ್ರಿ ಹೊತ್ತು ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಲು ಬೇಕು. ಹಬ್ಬಕ್ಕೆ ಊರಿಗೆ ಹೋಗಲು ಬೇಕು. ವಿಚಿತ್ರವೆಂದರೆ, ನಂಬಿಕೆಯಿಲ್ಲದ ಕಾರಿಗೆ ಒಪ್ಪಿಸಲೇಬಾರದ ಕೆಲಸಗಳು ಇವೇ ಎರಡು. ಎದೆನೋವು ಬಂದ ರಾತ್ರಿ ಬ್ಯಾಟರಿಯ ಕೃಪೆಗೆ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಬೇಕು, ಹತ್ತಿರದ ಆಸ್ಪತ್ರೆಯ ನಂಬರು ಮತ್ತು ಪರಿಚಯದ ಟ್ಯಾಕ್ಸಿಯವರ ನಂಬರು ಫ್ರಿಜ್ ಮೇಲೆ ಅಂಟಿಸಿರಬೇಕು. ಇನ್ನು ಊರಿನ ದಾರಿ. ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಗೆ ಹೋಗುವಾಗ ಖಂಡಾಲಾ, ಖಂಬಾಟಕಿ ಘಾಟುಗಳು ಹಳೆಯ ರೇಡಿಯೇಟರಿನ ಬಂಡವಾಳ ಬಯಲು ಮಾಡುತ್ತವೆ. ದಾದರ್‌ನಿಂದ ಹುಬ್ಬಳ್ಳಿಗೆ ರೈಲಿದೆ, ಬಸ್ಸುಗಳಿವೆ. ಆದರೂ ಕಾರಲ್ಲೇ ಹೊರಡುವವರು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ನೆನಪಿಟ್ಟುಕೊಳ್ಳಲಿ.

ಆಫೀಸಿಗೆ ಹೇಗೂ ಲೋಕಲ್ ಇದೆ. ಅಂದರೆ ಕಾರಿಗೆ ಉಳಿಯುವುದು ಭಾನುವಾರದ ತರಕಾರಿ, ಅಪ್ಪ ಅಮ್ಮನನ್ನು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಕರೆದೊಯ್ಯುವಂಥ ಸಣ್ಣ ಓಡಾಟ. ಇವೂ ಬೇಕಾದ ಕೆಲಸಗಳೇ. ಮಂಡಿನೋವಿನ ಅಮ್ಮನಿಗೆ ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತು ಎನ್ನಲಾಗದು. ಆದರೆ ಈ ಕೆಲಸಗಳಿಗೆ ವರ್ಷಕ್ಕೆ ಎಷ್ಟು ಖರ್ಚಾಗುತ್ತಿದೆ ಎಂದು ಬರೆದಿಡುವವರು ಕಡಿಮೆ. ವಿಮೆ, ಪಾರ್ಕಿಂಗ್, ಪಿಯುಸಿ, ಸರ್ವಿಸ್, ರಿಪೇರಿ ಎಲ್ಲ ಕೂಡಿಸಿ, ಅಷ್ಟೇ ಓಡಾಟಕ್ಕೆ ಟ್ಯಾಕ್ಸಿ ಬಾಡಿಗೆ ಎಷ್ಟಾಗುತ್ತಿತ್ತು ಎಂದು ಪಕ್ಕದಲ್ಲಿ ಬರೆದರೆ ಅರ್ಧ ಉತ್ತರ ಸಿಗುತ್ತದೆ.

ಇಟ್ಟುಕೊಳ್ಳುವುದೇ ಖಚಿತವಾದರೆ ನಾನು ಪಾಲಿಸುವ ನಿಯಮಗಳು ಕೆಲವಿವೆ. ತಿಂಗಳಿಗೆ 2,000 ರೂಪಾಯಿ ಬೇರೆ ಖಾತೆಗೆ ಹೋಗುತ್ತದೆ. ರಿಪೇರಿ ಅದರಿಂದ ಮಾತ್ರ. ಖಾತೆ ಖಾಲಿಯಾದರೆ ಕಾರಿಗೆ ರಜೆ. ಬ್ರೇಕು, ಟೈರು, ಕೂಲಂಟ್, ಬ್ಯಾಟರಿ ಮೊದಲು. ಎಸಿ, ಪೇಂಟು ಕೊನೆಗೆ. ಕುರ್ಲಾದ ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ ಬಾಗಿಲ ಹಿಡಿಕೆ, ಸೈಡ್ ಮಿರರ್ ಕೊಳ್ಳಬಹುದು, ಬ್ರೇಕಿನ ಭಾಗವನ್ನು ಮಾತ್ರ ಹೊಸದೇ ಹಾಕಿಸಬೇಕು. ಒಂದೇ ರಿಪೇರಿಯ ಅಂದಾಜು ಕಾರಿನ ಮಾರುಕಟ್ಟೆ ಬೆಲೆಯ ಅರ್ಧ ದಾಟಿದರೆ ಅದು ರಿಪೇರಿಯಲ್ಲ, ವಿದಾಯದ ಸೂಚನೆ.

ಮಳೆಗಾಲದ ಮಾತು ಬೇರೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಕಾರಿನೊಳಗೇ ಸಿಲುಕಿ ಸತ್ತವರಿದ್ದಾರೆ. ಹಿಂದ್‌ಮಾತಾ, ಅಂಧೇರಿ ಸಬ್‌ವೇ ಕಡೆ ನೀರು ಕಂಡರೆ ತಿರುಗಿ ಬರುವುದೇ ಜಾಣತನ. ನೀರಲ್ಲಿ ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಒಳಗೆ ಹೊಕ್ಕ ನೀರು ಎಂಜಿನ್ನನ್ನೇ ಮುರಿಯುತ್ತದೆ. ಆ ನಷ್ಟಕ್ಕೆ ಸಾಮಾನ್ಯ ವಿಮೆ ಆಗಿಬರುವುದಿಲ್ಲ, ಅದಕ್ಕೆ ಬೇಕಾದ ಹೆಚ್ಚುವರಿ ರಕ್ಷಣೆ ಹಳೆಯ ಕಾರಿಗೆ ಸಿಗುವುದೂ ಕಷ್ಟ.

ಇಷ್ಟೆಲ್ಲ ನಮ್ಮ ಕೈಯಲ್ಲಿರುವ ಮಾತು. ಕೈಯಲ್ಲಿಲ್ಲದ್ದು ನಂಬರ್ ಪ್ಲೇಟು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ನೋಂದಣಿ ಪಡೆಯಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಆಮೇಲೆ ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯ ಉಳಿಕೆಗೆ ಅರ್ಜಿ ಹಾಕಿ ಕಾಯಬೇಕು. ಕಾರಿಗೆ ವಯಸ್ಸಾದಷ್ಟೂ ಆ ಮೊತ್ತ ಕರಗುತ್ತದೆ. ಕೈ ಬಿಗಿ ಇರುವವರು ಹೊಸ ತೆರಿಗೆ ಕಟ್ಟಲಾಗದೆ ಪೊಲೀಸರನ್ನು ಕಂಡರೆ ಅಳುಕುತ್ತ ಓಡಿಸುತ್ತಾರೆ. 2021ರಲ್ಲಿ ಬಂದ ಬಿಎಚ್ ಸರಣಿಯಲ್ಲಿ ಎರಡೆರಡು ವರ್ಷದ ತೆರಿಗೆ ಕಟ್ಟುವ ಅನುಕೂಲವಿದೆ. ಆದರೆ ಖಾಸಗಿ ನೌಕರರಲ್ಲಿ ಅದು ಸಿಗುವುದು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಯವರಿಗೆ. ನನ್ನಂಥ ಐಟಿಯವರಿಗೆ ಸಿಕ್ಕೀತು. ಹೋಟೆಲು ನಡೆಸುವ, ಅಂಗಡಿ ಇಟ್ಟಿರುವ ಕನ್ನಡಿಗರಿಗೆ ಇಲ್ಲ.

ಎರಡೂ ರಾಜ್ಯಗಳ ವಾಹನ ದಾಖಲೆ ಇರುವುದು ‘ವಾಹನ್’ ಎಂಬ ಒಂದೇ ವ್ಯವಸ್ಥೆಯಲ್ಲಿ. ಕಾರು ಗಡಿ ದಾಟಿದಾಗ ತೆರಿಗೆಯ ಉಳಿಕೆಯೂ ಅದರ ಜೊತೆ ಬಂದು ಇಲ್ಲಿನ ತೆರಿಗೆಯಲ್ಲಿ ವಜಾ ಆಗುವಂತೆ ಮಾಡುವುದು ತಂತ್ರಜ್ಞಾನದ ಸಮಸ್ಯೆಯಲ್ಲ, ಎರಡು ಸರಕಾರಗಳು ಒಪ್ಪುವ ಸಮಸ್ಯೆ. ಹೊರನಾಡ ಕನ್ನಡಿಗರ ಸಂಘಗಳು ಸಚಿವರನ್ನು ಸನ್ಮಾನಕ್ಕೆ ಕರೆದಾಗ ಮನವಿ ಪತ್ರದಲ್ಲಿ ಈ ಒಂದು ಸಾಲನ್ನೂ ಸೇರಿಸಬಹುದು.

ಮುಂಬೈಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ಇಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ದಿನ ಯಾವುದೆಂದು ಮಾಲೀಕರಿಗೆ ಮೊದಲೇ ಗೊತ್ತಿತ್ತು. ಸ್ವಂತ ಕಾರಿಗೂ ಅಂಥದ್ದೊಂದು ದಿನ ಆರ್‌ಸಿಯಲ್ಲೇ ಅಚ್ಚಾಗಿದೆ. 15 ವರ್ಷ ಮುಗಿದ ಮೇಲೆ ಫಿಟ್‌ನೆಸ್ ಪರೀಕ್ಷೆ, 2022ರ ಏಪ್ರಿಲ್‌ನಿಂದ ಏರಿದ 5,000 ರೂಪಾಯಿ ನವೀಕರಣ ಶುಲ್ಕ, ಮಹಾರಾಷ್ಟ್ರದಲ್ಲಾದರೆ ಪರಿಸರ ತೆರಿಗೆ ಕೂಡ. ಆ ದಿನಕ್ಕೆ ಆರು ತಿಂಗಳು ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸುವುದು ಒಳ್ಳೆಯದು. ಮಾರುವುದಾದರೆ ಊರಲ್ಲೇ ಮಾರಿ. ಕೆಎ ನಂಬರಿಗೆ ಅಲ್ಲಿ ಹೊಸ ತೆರಿಗೆಯ ಭಾರವಿಲ್ಲ, ನಾಲ್ಕು ಕಾಸು ಹೆಚ್ಚೇ ಸಿಗುತ್ತದೆ. ಅಪ್ಪ ಕೊಡಿಸಿದ್ದು ಎಂಬ ಮಮತೆ ಇರಲಿ. ಆದರೆ ಅಪ್ಪನೇ ಮುಂದಿನ ಸೀಟಿನಲ್ಲಿ ಕೂರುವವರು ಎಂಬುದನ್ನು ಮರೆಯದೆ ಲೆಕ್ಕ ಹಾಕೋಣ.